ಹಿಟ್ಟಿನ ಬೆರಳು

ನಮ್ಮತ್ತೆ ಗಂಗರತ್ನಮ್ಮ ದೇವರಿಗೆ ಎರಡು ಬೆರಳು ಕೊಡುತ್ತೇನೆಂದು ಮಾತು ಕೊಟ್ಟಾಗ ನಾನು ಮುಳಬಾಗಿಲ ಕಡೆಯ ಒಂದು ಹಳ್ಳಿಯಲ್ಲಿ ಸ್ಲೇಟಿನ ಮೇಲೆ ಅಆಇಈ ತಿದ್ದುತ್ತಿದ್ದೆ. ನಾನ್ಯಾರೆಂದು ಅವರಿಗೆ ಗೊತ್ತಿರಲಿಲ್ಲ, ಅವರ್ಯಾರೆಂದು ನನಗೆ ಗೊತ್ತಿರಲಿಲ್ಲ. ಬೆರಳು ಮಾತ್ರ ನನ್ನವು.

ಮೂವತ್ತು ವರ್ಷದ ಹಿಂದಿನ ಮಾತು. ನನ್ನ ಗಂಡ ಸುಧಾಕರ್ ಆಗ ಏಳು ವರ್ಷದ ಹುಡುಗ. ಮೇಕೆ ಹೊಡೆದುಕೊಂಡು ಕೆಜಿಎಫ್ ಗಣಿಯ ಮೈಸೂರು ಮೈನ್ಸ್ ಕಡೆ ಹೋದವನು ಸಂಜೆಗೆ ಬರಲಿಲ್ಲ, ಮೇಕೆಗಳು ಮಾತ್ರ ಬಂದವು. ಅಲ್ಲಿ ಗಣಿಯ ಕಸ ಸುರಿದು ಬೆಳೆದ ಬೂದಿ ಬಣ್ಣದ ಸೈನೈಡ್ ದಿಬ್ಬಗಳ ಹಿಂದೆ ಯಾವ ಕಾಲದಲ್ಲೋ ಚಿನ್ನ ಹುಡುಕಿ, ಸಿಗದೆ, ಹಾಗೇ ಬಿಟ್ಟುಹೋದ ಗುಂಡಿಗಳಿವೆ. ಬಾಯಿಗೆ ಲಂಟಾನ ಬೆಳೆದು ನೆಲದ ಹಾಗೇ ಕಾಣುತ್ತವೆ. ಮರುದಿನ ಒಂದು ಗುಂಡಿಯ ಅಂಚಿನಲ್ಲಿ ಅವನ ಚಪ್ಪಲಿ ಸಿಕ್ಕಿತು. ಕೂಗಿದರೆ ಕೂಗಿದ್ದೇ ವಾಪಸ್ ಬಂತು. ಚಾಂಪಿಯನ್ ರೀಫ್ಸ್‌ನಿಂದ ಗಣಿ ಕೆಲಸದವರು ಹಗ್ಗ ತರುವಷ್ಟರಲ್ಲಿ ಅತ್ತೆ ಬೋರಲು ಮಲಗಿ, ಗುಂಡಿಯೊಳಗೆ ಮುಖ ಇಳಿಬಿಟ್ಟು, ಯಾರಿಗೂ ಕೇಳದ ಹಾಗೆ ಹೇಳಿದರಂತೆ:

"ನನ್ನ ಮಗನ್ನ ವಾಪಸ್ ಕೊಡು. ಇವನ ಮಗಳ ಕಿವಿ ಚುಚ್ಚೋ ದಿನ ಇಟ್ಟಿನ ಬೆರಳು ಇಕ್ಕಲ್ಲ. ನಿಜದ್ದೇ ಇಕ್ತೀವಿ."

ಹುಡುಗ ಬದುಕಿ ಬಂದ. ಮೈಮೇಲೆ ಒಂದು ಗೀರಿರಲಿಲ್ಲ.

ಹಿಟ್ಟಿನ ಬೆರಳೆಂದರೆ ಏನೆಂದು ಮದುವೆಯಾಗಿ ಈ ಮನೆಗೆ ಬರುವ ತನಕ ನನಗೂ ಗೊತ್ತಿರಲಿಲ್ಲ. ನಮ್ಮ ತವರಿನಲ್ಲಿ ಆ ಪದ್ಧತಿ ಇಲ್ಲ. ಬಂಗಾರಪೇಟೆಯಿಂದ ಕೆಜಿಎಫ್‌ಗೆ ಹೋಗುವ ರಸ್ತೆ ಬಿಟ್ಟು ಸ್ವಲ್ಪ ಒಳಗೆ ನಮ್ಮೂರು. ಊರಾಚೆ ನಮ್ಮ ರಾಗಿ ಹೊಲದ ಬದಿಗೆ ಒಂದು ದೊಡ್ಡ ಬಂಡೆ ಕೊಡೆಯ ಹಾಗೆ ಬಾಗಿ ನಿಂತಿದೆ. ಅದೇ ದೇವರು. ಗುಡಿಯಿಲ್ಲ, ಗಂಟೆಯಿಲ್ಲ. ಅದರ ಕೆಳಗೆ ಮೊಣಕಾಲೆತ್ತರದ ಚಪ್ಪಟೆ ಕಲ್ಲು. ಮನೆಯ ಹೆಣ್ಣುಮಗುವಿಗೆ ಕಿವಿ ಚುಚ್ಚಿಸುವ ದಿನ ಮಗುವಿನ ತಾಯಿ ಆ ಕಲ್ಲಿನ ಮೇಲೆ ಬಲಗೈ ಇಡಬೇಕು. ಹಿಂದಿನ ಕಾಲದಲ್ಲಿ ಆಚಾರಿ ಉಳಿ ಇಟ್ಟು ಉಂಗುರದ ಬೆರಳು, ಕಿರುಬೆರಳು ಎರಡರ ತುದಿಗೆಣ್ಣನ್ನೂ ತೆಗೆಯುತ್ತಿದ್ದನಂತೆ. ರಕ್ತ ನಿಲ್ಲಲು ಕಾದ ಎಣ್ಣೆಯಲ್ಲಿ ಅದ್ದುತ್ತಿದ್ದರಂತೆ. ನಂಜಾಗಿ ಸತ್ತವರೆಷ್ಟು ಎಂದು ನಾನು ಕೇಳಿದೆ. ಆ ಲೆಕ್ಕ ಯಾರೂ ಇಟ್ಟಿರಲಿಲ್ಲ.

ಯಾವುದೋ ಹಳೇ ಸರ್ಕಾರ ಅದನ್ನು ನಿಲ್ಲಿಸಿತು. ಆಮೇಲೆ ಅಕ್ಕಿಹಿಟ್ಟು ನಾದಿ ಬೆರಳು ಮಾಡಿ, ತಾಯಿಯ ಕೈ ಪಕ್ಕದಲ್ಲಿಟ್ಟು, ಅದನ್ನು ಕತ್ತರಿಸುವುದು ಬಂತು. ಕತ್ತರಿಸಿದ ಮೇಲೆ ತಾಯಿ ಅಂಗೈಯನ್ನು ಕೆಮ್ಮಣ್ಣಿನಲ್ಲಿ ಅದ್ದಿ ಬಂಡೆಯ ಒಳಮೈಗೆ ಒತ್ತಬೇಕು. ಮಳೆ ತಾಗದ ಜಾಗ, ಹಾಗಾಗಿ ಗುರುತುಗಳು ಉಳಿದಿವೆ. ಕೆಳಗಿನವು ಹಳೆಯವು, ಎರಡು ಮೊಂಡಾಗಿ ಮೂರೇ ಬೆರಳು ಮೂಡಿದವು. ಮೇಲಿನವು ಐದು ಬೆರಳಿನವು. ಹೊಸ ಸೊಸೆಯಾಗಿ ಮೊದಲ ಸಲ ನೋಡಿದಾಗ ಮೇಲಿನ ಗುರುತುಗಳಲ್ಲೂ ಆ ಎರಡು ಬೆರಳಿನ ತುದಿ ಸರಿಯಾಗಿ ಮೂಡದೆ ಮಸುಕಾಗಿತ್ತು. ಅಲ್ಲಿ ಬಂಡೆ ಒರಟಾಗಿರಬೇಕು ಅಂದುಕೊಂಡೆ.

ನನ್ನ ಮಗಳು ಶ್ರುತಿಗೆ ಈಗ ಏಳು ವರ್ಷ. ಕಿವಿ ಚುಚ್ಚಿಸುವುದು ಒಂದಲ್ಲ ಒಂದು ಕಾರಣಕ್ಕೆ ಮುಂದಕ್ಕೆ ಹೋಗಿತ್ತು. ಮೊದಲು ಕೊರೊನಾ ಬಂತು, ಆಮೇಲೆ ಮಾವ ತೀರಿಕೊಂಡರು, ಆಮೇಲೆ ನನ್ನ ಡ್ಯೂಟಿ. ನಾನು ಬಂಗಾರಪೇಟೆಯ ಒಂದು ಹೆರಿಗೆ ಆಸ್ಪತ್ರೆಯಲ್ಲಿ ನರ್ಸು. ಬೆಳಿಗ್ಗೆ ಬಸ್ಸು ಹಿಡಿದರೆ ಸಂಜೆ ಮನೆ, ಕೆಲವೊಮ್ಮೆ ಮರುದಿನ ಬೆಳಿಗ್ಗೆ ಮನೆ. ಸುಧಾಕರ್ ಹಾಲಿನ ಗಾಡಿ ಓಡಿಸುತ್ತಾರೆ, ಬೇತಮಂಗಲದ ಕಡೆಯ ಊರುಗಳದ್ದು. ಮಗು ಬೆಳೆದಿದ್ದು ಹೆಚ್ಚುಕಮ್ಮಿ ಅತ್ತೆಯ ತೊಡೆಯ ಮೇಲೆ. ಅದರಲ್ಲಿ ಕೊರತೆ ಹೇಳುವಂಥದ್ದು ಏನೂ ಇರಲಿಲ್ಲ. ಅತ್ತೆ ಮಗುವಿನ ಒಂದು ಕೂದಲು ಉದುರಿದರೂ ಎತ್ತಿಟ್ಟುಕೊಳ್ಳುವವರು.

ಪಕ್ಕದ ಮನೆಯ ವೆಂಕಟರತ್ನಮ್ಮ ಅತ್ತೆಯನ್ನು ದಿನಾ ಚುಚ್ಚುತ್ತಿದ್ದಳು, ಮೊಮ್ಮಗಳ ಮದುವೆ ದಿನಾನೇ ಕಿವೀನೂ ಚುಚ್ಚಿಸ್ತೀಯೇನೇ ರತ್ನ, ಖರ್ಚು ಉಳೀತೈತೆ ಅಂತ. ಕೊನೆಗೆ ಅತ್ತೆ ದಿನ ಗೊತ್ತು ಮಾಡಿದರು. ಸಂಕ್ರಾಂತಿ ಕಳೆದ ಮೊದಲ ಸೋಮವಾರ.

ಅವರೆಕಾಯಿ ಕಾಲ. ಆ ದಿನಕ್ಕೆ ಎಂಟು ದಿನ ಮುಂಚಿನ ಭಾನುವಾರ ಹಿತ್ತಲಲ್ಲಿ ಬಿಸಿಲಿಗೆ ಕೂತು ನೆನೆಸಿದ ಅವರೆಕಾಳು ಹಿತುಕುತ್ತಿದ್ದೆವು. ಒತ್ತಿದರೆ ಸಿಪ್ಪೆ ಬಿಟ್ಟು ಬೇಳೆ ಚಿಮ್ಮುತ್ತದೆ. ಅತ್ತೆ ಮೂರೇ ಬೆರಳಲ್ಲಿ ಹಿತುಕುವುದನ್ನು ನಾನು ಎಷ್ಟೋ ವರ್ಷದಿಂದ ನೋಡಿದ್ದೆ. ಉಳಿದೆರಡು ಬೆರಳು ಅಂಗೈಯೊಳಗೆ ಮಡಿಚಿಕೊಂಡಿರುತ್ತಿದ್ದವು. ಅಂದು ಅವರು ತಲೆ ಎತ್ತದೆ, ಉಪ್ಪು ಜಾಸ್ತಿಯಾಯಿತು ಅನ್ನುವಷ್ಟೇ ಸಲೀಸಾಗಿ, ಗುಂಡಿಯ ಬಾಯಲ್ಲಿ ಕೊಟ್ಟ ಮಾತನ್ನು ಹೇಳಿದರು.

ನಾನು ಮೊದಲು ನಕ್ಕೆ. ಅವರು ನಗಲಿಲ್ಲ.

"ಮೊದಲ್ನಂಗೆ ಎಣ್ಣೇಲಿ ಅದ್ದು ಅಂತ ನಾನೇನು ಏಳ್ತಿಲ್ವಲ್ಲ," ಅಂದರು. "ನೀನೇ ನರ್ಸು. ಮರಗಟ್ಟೋ ಇಂಜಕ್ಷನ್ ಐತೆ, ಒಲಿಯೋ ದಾರ ಐತೆ. ನೋವೇ ಗೊತ್ತಾಗಾಕಿಲ್ಲ. ತುದಿ ಒಂದೀಟು. ನೀನೇ ತೆಕ್ಕೊಂಡು ಬಾ, ನಾನು ಬಂಡೆ ಮ್ಯಾಲೆ ಮಡಗ್ತೀನಿ."

"ಅದು ನನ್ನ ಕೈ ಅಲ್ವಾ ಅತ್ತೆ. ನನ್ನನ್ನ ಯಾರು ಕೇಳಿದ್ರು?"

"ಆವಾಗ ನೀನೆಲ್ಲಿದ್ದೆ ಕೇಳಕ್ಕೆ?" ಅಂದರು. ವ್ಯಂಗ್ಯವಿರಲಿಲ್ಲ. ನಿಜವಾಗಿ ಕೇಳುತ್ತಿದ್ದರು. ಇನ್ನೊಂದು ಹಿಡಿ ಕಾಳು ಎಳೆದುಕೊಂಡು ಸೇರಿಸಿದರು. "ದಿನಾ ಆ ಗುಂಡಿ ದಾರೀಲೇ ಗಾಡಿ ಓಡಿಸ್ತಾನೆ ಅವನು. ಕೊಟ್ಟಿದ್ದನ್ನ ವಾಪಸ್ ಇಸ್ಕೊಂಡ್ರೆ?"

ಸುಧಾಕರ್ ಇದನ್ನು ಕೇಳಿ ತಾಯಿಯನ್ನು ಗದರಿಸುತ್ತಾರೆ ಅಂದುಕೊಂಡಿದ್ದೆ. ಮರುದಿನ ಬೆಳಿಗ್ಗೆ ನನ್ನನ್ನು ಬಸ್ ಸ್ಟ್ಯಾಂಡಿಗೆ ಬಿಡುವಾಗ ಗಾಡಿಯಲ್ಲೇ ಹೇಳಿದೆ. ಅವರು ಗಾಡಿಯನ್ನು ರಸ್ತೆ ಪಕ್ಕಕ್ಕೆ ತೆಗೆದುಕೊಂಡು ನಿಲ್ಲಿಸಿದರು. ಹಿಂದೆ ಖಾಲಿ ಕ್ಯಾನುಗಳು ಒಂದಕ್ಕೊಂದು ತಗುಲಿ ಸುಮ್ಮನಾದವು. ಸ್ಟೇರಿಂಗ್ ಮೇಲೆ ಕೈ ಇಟ್ಟುಕೊಂಡೇ ಅವರು ಹೇಳಿದ್ದು ಮದುವೆಯಾದ ಇಷ್ಟು ವರ್ಷದಲ್ಲಿ ನಾನು ಕೇಳದ ಸಂಗತಿ.

ಗುಂಡಿಯೊಳಗೆ ಗೋಡೆಯಿಂದ ಹೊರಚಾಚಿದ ಒಂದು ಕಲ್ಲಿನ ಮೇಲೆ ಅವರು ಬಿದ್ದಿದ್ದರಂತೆ. ಕೆಳಗೆ ನೀರಿನ ಸದ್ದು. ಒಂದು ಸಲ ನಿದ್ದೆ ಬಂದು ಜಾರುವ ಹಾಗಾಯಿತಂತೆ. ಆಗ ಯಾರೋ ಕೈ ಹಿಡಿದರು.

"ಯಾರು ಅಂತ ಕಾಣ್ಲಿಲ್ಲ. ಬೆಳಗಾನ ಬಿಡ್ಲಿಲ್ಲ. ಭಯಕ್ಕೆ ನಾನು ಆ ಕೈ ಬೆರಳು ಎಣಿಸ್ತಿದ್ದೆ. ಎಷ್ಟು ಸಲ ಎಣಿಸಿದ್ರೂ ಮೂರೇ."

ಮೇಲೆ ಬಂದ ತಕ್ಷಣ ತಾಯಿಗೆ ಅದನ್ನೇ ಹೇಳಿದ್ದರು. ತಾಯಿ ಬೇರೆ ಯಾರ ಹತ್ತಿರವೂ ಹೇಳಬೇಡ ಅಂದಿದ್ದರು.

"ಈಗ ನೀವೇನಂತೀರಿ?" ಅಂತ ಕೇಳಿದೆ.

ಅವರು ಗಾಡಿ ಸ್ಟಾರ್ಟ್ ಮಾಡಿದರು. ಬೇಡ ಅನ್ನಲಿಲ್ಲ, ಕೊಡು ಅಂತಲೂ ಅನ್ನಲಿಲ್ಲ. ಹೆಣ್ಣಿನ ಮೈ ವಿಷಯಕ್ಕೆ ಮನೆಯ ಗಂಡಸರು ಸುಮ್ಮನಾಗುವುದು ಎಷ್ಟು ಸುಲಭ ಅಂತ ಅಂದು ಬಸ್ಸಿನಲ್ಲಿ ಕೂತು ಯೋಚಿಸಿದೆ. ಆದರೆ ಅವರು ಗೇರ್ ಹಾಕಲು ಎರಡು ಸಲ ತಡವರಿಸಿದ್ದನ್ನೂ ನೋಡಿದ್ದೆ.

ಆ ವಾರ ಆಸ್ಪತ್ರೆಯಲ್ಲಿ ನನ್ನ ಕಣ್ಣು ಪದೇ ಪದೇ ಆ ಟ್ರೇ ಕಡೆ ಹೋಗುತ್ತಿತ್ತು. ಮರಗಟ್ಟಿಸುವ ಔಷಧದ ಸೀಸೆ, ಬ್ಲೇಡು, ಹೊಲಿಗೆ ದಾರ. ತುದಿಗೆಣ್ಣು ತಾನೇ. ನರ ಎಲ್ಲಿ ಓಡುತ್ತದೆ, ರಕ್ತ ಹೇಗೆ ನಿಲ್ಲಿಸಬೇಕು, ಎಲ್ಲಾ ಗೊತ್ತು. ಒಂದು ವಾರ ಬ್ಯಾಂಡೇಜು, ಆಮೇಲೆ ಮನೆಯಲ್ಲಿ ಶಾಂತಿ. ಸುಧಾಕರ್ ಸಂಜೆ ಹೊತ್ತಿಗೆ ಬರುವುದು ತಡವಾದರೆ ನಾನು ಬಾಗಿಲಿಗೆ ಬಂದು ನಿಲ್ಲುವುದು ತಪ್ಪುತ್ತದೆ. ಗ್ಲೌಸ್ ಹಾಕಿಕೊಳ್ಳುವಾಗ ಆ ಎರಡು ಬೆರಳಿನ ತುದಿಯ ರಬ್ಬರು ಒಳಗೆ ಏನೂ ಇಲ್ಲದ ಹಾಗೆ ಜೋಲುತ್ತಿತ್ತು. ನನಗೆ ಹಾಗೆ ಕಂಡಿತು.

ಗುರುವಾರ ಕೋಲಾರದಲ್ಲಿ ನರ್ಸುಗಳಿಗೆ ತರಬೇತಿ ಇತ್ತು. ನಾನು, ನಮ್ಮ ಆಸ್ಪತ್ರೆಯ ರಾಧ ಹೋಗಿದ್ದೆವು. ಮಧ್ಯಾಹ್ನದ ಊಟ ಆದ ಮೇಲೆ ಡಾಕ್ಟರ್ ಶ್ಯಾಮಲ ಎನ್ನುವವರು ಮಾತಾಡಿದರು. ವಿಷಯ ಹೆಣ್ಣುಮಕ್ಕಳ ಜನನಾಂಗ ಛೇದನ. ಅರ್ಧ ಜನ ಆಕಳಿಸುತ್ತಿದ್ದವರು ಎದ್ದು ಕೂತರು.

ಎಷ್ಟೋ ದೇಶಗಳಲ್ಲಿ, ನಮ್ಮ ದೇಶದಲ್ಲೂ ಕೆಲವು ಮನೆಗಳಲ್ಲಿ, ಪುಟ್ಟ ಹುಡುಗಿಯರ ಮರ್ಮಾಂಗವನ್ನು ಕತ್ತರಿಸುತ್ತಾರೆ ಅಂದರು. ಕೆಲವೆಡೆ ಪೂರ್ತಿ, ಕೆಲವೆಡೆ ಸ್ವಲ್ಪ, ಕೆಲವೆಡೆ ಬರೀ ಚುಚ್ಚಿ ಒಂದು ಹನಿ ರಕ್ತ. ಅದರಿಂದ ಮೈಗೆ ಒಂದು ಉಪಕಾರವೂ ಇಲ್ಲ. ರಕ್ತ ನಿಲ್ಲದೆ ಸತ್ತವರಿದ್ದಾರೆ. ನಂಜಾಗುತ್ತದೆ, ಮೂತ್ರ ಹೋಗುವಾಗ ಉರಿಯುತ್ತದೆ, ದೊಡ್ಡವಳಾದ ಮೇಲೆ ಗಂಡನ ಜೊತೆ ನೋವು, ಹೆರಿಗೆಯಲ್ಲಿ ತೊಂದರೆ, ಮನಸ್ಸಿನಲ್ಲಿ ಹೋಗದ ಹೆದರಿಕೆ. ಮಗುವಿನ ಕಾಲು ಹಿಡಿದುಕೊಳ್ಳುವುದು ಅಪರಿಚಿತರಲ್ಲ. ಅಮ್ಮ, ಅಜ್ಜಿ, ಅತ್ತೆ. ಮಗಳ ಒಳ್ಳೆಯದಕ್ಕೇ ಅಂತ ನಂಬಿ ಹಿಡಿದುಕೊಳ್ಳುತ್ತಾರೆ, ತಮಗೂ ಹಾಗೇ ಆಗಿರುತ್ತದೆ. ದ್ವೇಷದಿಂದ ಮಾಡುವ ಕೆಲಸವಾಗಿದ್ದರೆ ಎಂದೋ ನಿಂತುಹೋಗುತ್ತಿತ್ತು ಅಂದರು ಡಾಕ್ಟರು.

ರಾಧ ಕೈ ಎತ್ತಿದಳು. ಹೇಗೂ ಮಾಡಿಸುತ್ತಾರೆ ಅಂದಮೇಲೆ ಆಸ್ಪತ್ರೆಯಲ್ಲೇ ಇಂಜೆಕ್ಷನ್ ಕೊಟ್ಟು ಶುಚಿಯಾಗಿ ಮಾಡಿದರೆ ಒಳ್ಳೆಯದಲ್ಲವಾ ಮೇಡಂ ಅಂತ ಕೇಳಿದಳು.

"ನರ್ಸ್ ಮಾಡಿದ ಮಾತ್ರಕ್ಕೆ ಅದು ಟ್ರೀಟ್‌ಮೆಂಟ್ ಆಗಲ್ಲ ಸಿಸ್ಟರ್," ಅಂದರು ಡಾಕ್ಟರು. "ನೋವು ಕಮ್ಮಿಯಾಗಬಹುದು. ಆದರೆ ಆ ಮೈ ಮಗುವಿನದು. ಅದನ್ನ ಕೊಡ್ತೀನಿ ಅಂತ ಮಾತು ಕೊಡೋ ಹಕ್ಕು ಬೇರೆ ಯಾರಿಗೂ ಇಲ್ಲ. ನೀವು ಒಂದು ಸಲ ಮಾಡಿಕೊಟ್ಟರೆ, ಇದು ಸರಿ ಅಂತ ನಿಮ್ಮ ಯೂನಿಫಾರ್ಮೇ ಸಾಕ್ಷಿ ಹೇಳುತ್ತೆ. ಅವಳು ತನ್ನ ಮಗಳನ್ನೂ ನಿಮ್ಮ ಹತ್ತಿರಾನೇ ಕರ್ಕೊಂಡು ಬರ್ತಾಳೆ."

ಹಿಂದಿನ ಸಾಲಿನಲ್ಲಿ ಯಾರೋ, ನಮ್ಮ ಕಡೆ ಇಂಥದ್ದೆಲ್ಲಾ ಇಲ್ಲ ಬಿಡಿ ಮೇಡಂ ಅಂದರು. ಸಭಾಂಗಣದ ತುಂಬ ಒಂದು ನಿರಾಳದ ನಗು ಹರಿದಾಡಿತು. ನಾನು ನನ್ನ ಬಲಗೈಯನ್ನು ಸೆರಗಿನೊಳಗೆ ಇಟ್ಟುಕೊಂಡೆ.

ಅಂದು ಬೇಗ ಬಿಟ್ಟರು. ಇನ್ನೂ ಬಿಸಿಲಿರುವಾಗಲೇ ಮನೆ ತಲುಪಿದೆ. ಶ್ರುತಿ ಜಗಲಿಯ ಮೇಲೆ ಹೋಂವರ್ಕ್ ಮಾಡುತ್ತಿದ್ದಳು. ಪೆನ್ಸಿಲು ಹಿಡಿದ ಕೈಯಲ್ಲಿ ಕೊನೆಯ ಎರಡು ಬೆರಳು ಅಂಗೈಯೊಳಗೆ ಮಡಿಚಿಕೊಂಡಿದ್ದವು. ಅತ್ತೆಯದೇ ರೀತಿ. ಮಕ್ಕಳು ಅಜ್ಜಿಯನ್ನು ನೋಡಿ ಕಲಿಯುತ್ತಾರೆ ಅಂದುಕೊಂಡು ಪಕ್ಕದಲ್ಲಿ ಕೂತೆ. ಆಗ ಕಂಡಿತು. ಎರಡೂ ಬೆರಳಿನ ತುದಿಗೆಣ್ಣಿನ ಕೆಳಗೆ ಸುತ್ತಲೂ ಒಂದು ತೆಳು ನೀಲಿ ಗೆರೆ.

ಕಣ್ಣು ಮುಚ್ಚು ಅಂದೆ. ಪೆನ್ನಿನ ಮೊನೆಯಿಂದ ಕಿರುಬೆರಳ ತುದಿ ಒತ್ತಿದೆ. ಅವಳು ಸುಮ್ಮನೆ ಕಾಯುತ್ತಿದ್ದಳು. ಇನ್ನೂ ಗಟ್ಟಿಯಾಗಿ ಒತ್ತಿದೆ.

"ಯಾವಾಗ ಮುಟ್ತೀಯ ಅಮ್ಮ?" ಅಂದಳು.

ಬೆರಳಿಗೆ ಏನಾಗಿದೆ ಅಂತ ಕೇಳಿದೆ.

"ಅವು ನಿದ್ದೆ ಮಾಡ್ತಾವೆ," ಅಂದಳು ಕಣ್ಣು ಬಿಡದೆ. "ಅಜ್ಜಿ ದಾರ ಕಟ್ತಾರೆ. ಸ್ಕೂಲಿಂದ ಬಂದ್ಮೇಲೆ. ಕತೆ ಮುಗಿಯೋ ತನಕ ಬಿಚ್ಚಬಾರ್ದು."

ಯಾವ ಕತೆ ಅಂದೆ. ಮೂರು ಬೆರಳಿನ ಅಮ್ಮನ ಕತೆಯಂತೆ. ಅವಳು ಗುಂಡಿಯೊಳಗೆ ಇರುತ್ತಾಳಂತೆ, ಬಿದ್ದ ಮಕ್ಕಳನ್ನು ಹಿಡಿದುಕೊಳ್ಳುತ್ತಾಳಂತೆ. ಮೊದಲು ಕತೆ ಚಿಕ್ಕದಿತ್ತಂತೆ. ಈಗ ದಿನಾ ಉದ್ದವಾಗುತ್ತಿದೆಯಂತೆ.

ಅತ್ತೆ ಕೊಟ್ಟಿಗೆಯಲ್ಲಿದ್ದರು. ಹಸುವಿಗೆ ಹುಲ್ಲು ಹಾಕುತ್ತಿದ್ದ ಅವರ ಎದುರು ನಿಂತು ನಾನು ಮಗುವಿನ ಕೈ ಎತ್ತಿ ತೋರಿಸಿದೆ. ಅವರು ಮರೆಮಾಚಲಿಲ್ಲ. ಸೊಂಟದಿಂದ ಅರಿಶಿನ ಹಚ್ಚಿದ ನೂಲಿನ ಉಂಡೆ ತೆಗೆದು ಅವರೇ ತೋರಿಸಿದರು.

"ಅವಳ ದಿನ ಬಂದಾಗ ನೋವಾಗ್ಬಾರ್ದು ಅಂತ ಕಣೇ," ಅಂದರು. "ಅವಳ್ಗೂ ಒಂದು ಮಗಳು ಉಟ್ತಾಳಲ್ಲ. ನಂಗೂ ಸೊಣ್ಣಮ್ಮಜ್ಜಿ ಇಂಗೇ ಕಟ್ತಿದ್ಳು."

ಅತ್ತೆ ಈ ಮನೆಯ ಹೆಣ್ಣುಮಗಳ ಮಗಳು. ಅಜ್ಜಿಯ ಹತ್ತಿರ ಇಲ್ಲೇ ಬೆಳೆದು, ಸೋದರಮಾವನನ್ನೇ ಮದುವೆಯಾಗಿ ಇಲ್ಲಿಗೇ ಸೊಸೆಯಾದವರು. ನನಗಿಂತ ಮುಂಚೆ ಈ ಮನೆಯ ಸೊಸೆಯರೆಲ್ಲ ಹಾಗೇ ಬಂದವರು. ಸೊಣ್ಣಮ್ಮ ಅವರ ತಾಯಿಯ ತಾಯಿ, ಆಮೇಲೆ ಅತ್ತೆಯೂ ಆದವಳು. ನಮ್ಮತ್ತೆ ತಮ್ಮ ಬಲಗೈ ಮುಂದೆ ಚಾಚಿದರು. ಸೆರಗಿಗೆ ಸಿಕ್ಕಿಸಿದ್ದ ಪಿನ್ನು ತೆಗೆದು ನಾನು ಅವರ ಉಂಗುರದ ಬೆರಳ ತುದಿಗೆ ಚುಚ್ಚಿದೆ. ರಕ್ತದ ಒಂದು ಚುಕ್ಕೆ ಬಂತು. ಅವರು ಹಸುವಿನ ಕಡೆ ನೋಡುತ್ತಿದ್ದರು.

ಬಂಡೆಯ ಮೇಲಿನ ಗುರುತುಗಳು ಯಾಕೆ ಮಸುಕಾಗಿದ್ದವು ಎಂದು ಆಗ ತಿಳಿಯಿತು. ಬಂಡೆ ಒರಟಾಗಿರಲಿಲ್ಲ. ಆ ಎರಡು ಬೆರಳು ಬಂಡೆಗೆ ತಾಗಿವೆಯೋ ಇಲ್ಲವೋ ಆ ಹೆಂಗಸರಿಗೆ ಗೊತ್ತೇ ಆಗಿರಲಿಲ್ಲ.

"ಹಿಟ್ಟಿನ ಬೆರಳು ಸಾಕು ಅಂತ ಆಗಿತ್ತಲ್ಲ ಅತ್ತೆ. ಮತ್ತೆ ದಾರ ಯಾಕೆ?"

"ಸಾಕು ಅಂದಿದ್ದು ಸರ್ಕಾರ," ಅಂದರು. "ಬಂಡೆ ಅಂದಿರ್ಲಿಲ್ವಲ್ಲ. ಎಂದಾದ್ರೂ ಕೇಳಿದ್ರೆ ಬೆರಳು ತಯಾರಾಗಿರ್ಲಿ ಅಂತ."

ನೂರೈವತ್ತು ವರ್ಷವೋ ಇನ್ನೂ ಎಷ್ಟೋ. ಈ ಮನೆಯಲ್ಲಿ ಹುಟ್ಟಿದ ಒಂದೊಂದು ಹೆಣ್ಣುಮಗುವಿನ ಬೆರಳಿಗೂ ಮಧ್ಯಾಹ್ನದ ಹೊತ್ತು ಮುದ್ದಿನಿಂದ ದಾರ ಸುತ್ತಿದ್ದರು. ಕೊಯ್ಯುವುದು ನಿಂತಿತ್ತು, ತಯಾರಿ ನಿಂತಿರಲಿಲ್ಲ.

ನೂಲಿನುಂಡೆ ಕಿತ್ತುಕೊಂಡು ಒಳಗೆ ಹೋಗಿ ಒಲೆಗೆ ಹಾಕಿ ಬಂದೆ. ನನ್ನದೂ ಕೊಡುವುದಿಲ್ಲ, ಅವಳದೂ ಕೊಡುವುದಿಲ್ಲ ಅಂದೆ. ಅತ್ತೆ ಒಂದೇ ಮಾತು ಕೇಳಿದರು. "ಅಂಗಾದ್ರೆ ಸುಧಾ?"

ಬಾಯಿಗೆ ಬಂದದ್ದನ್ನು ಹೇಳಿದೆ.

"ನಿಮ್ಮ ಮಗನ ಕೈ ಹಿಡಿದಿದ್ದು ಮೂರು ಬೆರಳಿನ ಕೈ ಅತ್ತೆ. ಈಸ್ಕೊಂಡೋರ ಕೈ ಆಗಿದ್ರೆ ಐದೂ ಇರ್ತಿತ್ತು. ಅದು ಕೊಟ್ಟೋಳ ಕೈ. ಕೊಟ್ಟು ನೋವು ತಿಂದೋಳು ಇನ್ನೊಬ್ಬಳ್ದು ಕೇಳ್ತಾಳಾ?"

ಅವರು ಹುಲ್ಲಿನ ಕಂತೆ ಕೆಳಗಿಟ್ಟರು. ಮತ್ತೆ ಎತ್ತಿಕೊಂಡರು.

ಮರುದಿನ ಶ್ರುತಿಯನ್ನು ನಮ್ಮ ಆಸ್ಪತ್ರೆಯ ಡಾಕ್ಟರಿಗೆ ತೋರಿಸಿದೆ. ನರ ಒತ್ತಿಹೋಗಿದೆ, ನಿಧಾನವಾಗಿ ಸ್ಪರ್ಶ ಬರಬಹುದು, ಪೂರ್ತಿ ಬರುತ್ತದೆ ಅಂತ ಈಗಲೇ ಹೇಳಲಾರೆ ಅಂದರು. ಒಂದು ದಿನ ಬಿಚ್ಚಲು ಮರೆತಿದ್ದರೆ ಬೆರಳೇ ಕಪ್ಪಾಗಿ ಉದುರುತ್ತಿತ್ತು ಅಂದರು. ಸುಧಾಕರ್ ಬಾಗಿಲ ಹತ್ತಿರ ನಿಂತು ಕೇಳಿಸಿಕೊಂಡರು. ಸಂಜೆ ತಾಯಿಯ ಎದುರು ಕೂತು, ಹಿಟ್ಟೇ ಇಡೋಣ ಅಮ್ಮ, ಬರೋದು ಬರ್ಲಿ ಅಂದರು. ಅತ್ತೆ ಆಗಲಿ ಅಂದರು. ಅವರು ಅಷ್ಟು ಬೇಗ ಒಪ್ಪಿದ್ದೇ ನನಗೆ ಸಮಾಧಾನ ಕೊಡಲಿಲ್ಲ.

ಸೋಮವಾರ ಬೆಳಿಗ್ಗೆ ಮಂಜು ಕರಗುವ ಹೊತ್ತಿಗೆ ಹೊಲಕ್ಕೆ ಹೋದೆವು. ನಾವು ನಾಲ್ವರು, ಆಚಾರಿ ಕೋದಂಡಪ್ಪ. ಕಿವಿ ಚುಚ್ಚುವುದೂ ಅವನೇ, ಹಿಟ್ಟಿನ ಬೆರಳು ಕತ್ತರಿಸುವುದೂ ಅವನೇ. ವಯಸ್ಸಾಗಿ ಕಣ್ಣಿಗೆ ಪೊರೆ ಬಂದಿತ್ತು. ಕಿವಿಯನ್ನು ಬೆರಳಲ್ಲಿ ಸವರಿ ಜಾಗ ಹುಡುಕಿ ಚಿನ್ನದ ತಂತಿ ಏರಿಸಿದ. ಶ್ರುತಿ ಒಂದು ಸಲ ಕಿರುಚಿ ಸುಮ್ಮನಾದಳು. ಸುತ್ತ ರಾಗಿ ಕೊಯ್ದ ಹೊಲ, ಬರೀ ಕೂಳೆ. ಯಾವಾಗಲೂ ಹಿಟ್ಟಿಗಾಗಿ ಬಂದು ಕೂರುವ ಕಾಗೆಗಳು ಅಂದು ಒಂದೂ ಇರಲಿಲ್ಲ.

ಅತ್ತೆ ಬಾಳೆಲೆ ಬಿಚ್ಚಿ ಚಪ್ಪಟೆ ಕಲ್ಲಿನ ಮೇಲೆ ಹಿಟ್ಟಿನ ಬೆರಳುಗಳನ್ನಿಟ್ಟರು. ನಾನು ಬಗ್ಗಿ ನೋಡಿದೆ. ಉಗುರು ಕೂಡ ಗೀರಿ ಮಾಡಿದ್ದರು. ಗೆಣ್ಣಿನ ಗೆರೆಗಳೂ ಇದ್ದವು. ಎರಡೂ ಬೆರಳು ತೀರಾ ಚಿಕ್ಕವು. ತಾಯಿಯ ಬೆರಳಿನ ಅಳತೆಗೆ ಮಾಡಬೇಕಾಗಿದ್ದವು ಮಗುವಿನ ಬೆರಳಿನಷ್ಟಿದ್ದವು. ನಾನು ಅತ್ತೆಯ ಮುಖ ನೋಡಿದೆ. ಅವರೂ ಅದನ್ನು ಆಗತಾನೇ ಗಮನಿಸಿದವರ ಹಾಗೆ ಹಿಟ್ಟನ್ನೇ ನೋಡುತ್ತಿದ್ದರು. ಕೈ ತನಗೆ ರೂಢಿಯಾದ ಅಳತೆಗೇ ಮಾಡಿಬಿಟ್ಟಿತ್ತು.

ನಾನು ಕೈ ತೊಳೆದುಕೊಳ್ಳಲು ಚೊಂಬಿನ ಕಡೆ ತಿರುಗಿದೆ. ಸುಧಾಕರ್ ನೀರು ಹಾಕಿದರು. ಅಷ್ಟೇ ಹೊತ್ತು.

ತಿರುಗಿ ನೋಡುವಾಗ ಶ್ರುತಿ ಕಲ್ಲಿನ ಮುಂದೆ ಮಂಡಿಯೂರಿದ್ದಳು. ಕೆನ್ನೆಯ ಮೇಲೆ ಕಣ್ಣೀರು ಇನ್ನೂ ಒಣಗಿರಲಿಲ್ಲ. ಯಾರೂ ಹೇಳಿರಲಿಲ್ಲ, ಯಾರೂ ಕರೆದಿರಲಿಲ್ಲ. ಬಲಗೈಯನ್ನು ಕಲ್ಲಿನ ಸವೆದ ಗುಳಿಯಲ್ಲಿ ಇಟ್ಟು, ಮೂರು ಬೆರಳು ಮಡಿಚಿ, ಎರಡು ಬೆರಳು ಮಾತ್ರ ಹಿಟ್ಟಿನ ಬೆರಳುಗಳ ಮಧ್ಯೆ ಉದ್ದಕ್ಕೆ ಚಾಚಿದ್ದಳು. ಕತೆಯಲ್ಲಿ ಬರುವ ಹಾಗೆ ಮುಖವನ್ನು ಆ ಕಡೆ ತಿರುಗಿಸಿಕೊಂಡಿದ್ದಳು. ಆ ಗುಳಿ ಅವಳ ಕೈಗೆಂದೇ ಕೆತ್ತಿದಂತಿತ್ತು.

ಕೋದಂಡಪ್ಪ ಆಗಲೇ ಉಳಿಯನ್ನು ಬಟ್ಟೆಯಿಂದ ತೆಗೆದಿದ್ದ. ಎಡಗೈಯಿಂದ ಕಲ್ಲನ್ನು ತಡವಿದ. ಒಂದು ಬೆರಳು ಸಿಕ್ಕಿತು, ಇನ್ನೊಂದು ಸಿಕ್ಕಿತು. ಉಳಿಯನ್ನು ಅದರ ಮೇಲೆ ನಿಲ್ಲಿಸಿದ.

ಅವನ ಹೆಬ್ಬೆರಳು ಅಲ್ಲೇ ನಿಂತಿತು.

"ಇದ್ಯಾರ್ದು?" ಅಂದ. "ಬೆಚ್ಚಗೈತಲ್ಲ."

ಮಗು ಅಲ್ಲಾಡಲಿಲ್ಲ. ಅವಳಿಗೆ ಉಳಿ ತಾಗಿದ್ದೇ ಗೊತ್ತಿರಲಿಲ್ಲ.

ನಾನು ಓಡಿದೆ. ಆದರೆ ನನಗಿಂತ ಮುಂಚೆ ಅತ್ತೆಯ ಕೈ ಅಲ್ಲಿತ್ತು. ಮಗುವಿನ ಕೈ ಮೇಲೆ ತಮ್ಮ ಅಂಗೈ ಮುಚ್ಚಿ, ಉಳಿಯನ್ನು ಮೊಣಕೈಯಿಂದ ತಳ್ಳಿದರು. ಅವರ ಮುಖ ಅಂದು ಗುಂಡಿಯ ಅಂಚಿನಲ್ಲಿ ಹೇಗಿತ್ತೋ ನಾನು ಕಂಡಿಲ್ಲ. ಹೀಗೇ ಇದ್ದಿರಬೇಕು.

"ಎತ್ತು ಉಳಿ," ಅಂದರು. "ಯಾರ್ದೂ ಅಲ್ಲ. ಇನ್ಮ್ಯಾಕೆ ಯಾರ್ದೂ ಇಲ್ಲ ಕೋದಂಡಪ್ಪ."

ಅವನು ಪೊರೆಗಣ್ಣಿನಲ್ಲಿ ಆ ಕಡೆ ಈ ಕಡೆ ನೋಡಿ, ಹಿಟ್ಟಿಂದಾದ್ರೂ ಕತ್ರಿಸ್ಲಾ ಅವ್ವಾ, ಪದ್ಧತಿ ಬಿಡಬಾರ್ದು ಅಂತ ಗೊಣಗಿದ. ಅತ್ತೆ ಆ ಎರಡು ಪುಟ್ಟ ಬೆರಳುಗಳನ್ನು ಎತ್ತಿಕೊಂಡು ಹಿಸುಕಿ ಮುದ್ದೆ ಮಾಡಿ ಹೊಲಕ್ಕೆ ಎಸೆದರು. ಕೆಮ್ಮಣ್ಣಿನ ಬಟ್ಟಲು ಹಾಗೇ ಉಳಿಯಿತು. ಬಂಡೆಯ ಮೇಲೆ ನಾನು ಕೈ ಒತ್ತಲಿಲ್ಲ.

ಮನೆಗೆ ಬಂದ ಮೇಲೆ ಶ್ರುತಿ ನನ್ನನ್ನು ಕೇಳಿದಳು, ನಾನು ಸರಿಯಾಗಿ ಇಟ್ಟಿದ್ನಲ್ಲ ಅಮ್ಮ, ಅಜ್ಜಿ ಯಾಕೆ ಬೈದ್ರು ಅಂತ. ಅವಳನ್ನು ಮಡಿಲಲ್ಲಿ ಕೂರಿಸಿಕೊಂಡು ಆ ಎರಡು ಬೆರಳನ್ನು ಬೆಚ್ಚನೆ ನೀರಿನಲ್ಲಿ ಅದ್ದಿ ತಿಕ್ಕುತ್ತಾ ಕೂತೆ. ಇದು ನಿನ್ನದು, ಯಾರು ಕೇಳಿದರೂ, ನಾನು ಕೇಳಿದರೂ ಕೊಡಬಾರದು ಅಂದೆ. ಅವಳಿಗೆ ಎಷ್ಟು ಅರ್ಥವಾಯಿತೋ. ಸ್ವಲ್ಪ ಹೊತ್ತಿನ ಮೇಲೆ, ಇರುವೆ ಹರಿದ ಹಾಗಾಗ್ತಿದೆ ಅಂದಳು. ನಾನು ತಿಕ್ಕುವುದನ್ನು ನಿಲ್ಲಿಸಲಿಲ್ಲ.

ಮಧ್ಯಾಹ್ನ ಸುಧಾಕರ್ ಹಾಲಿನ ಗಾಡಿ ತೆಗೆದುಕೊಂಡು ಹೊರಟರು. ಬೇಡ ಅಂತ ಯಾರೂ ಹೇಳಲಿಲ್ಲ, ಹಾಲು ಕಾಯುವುದಿಲ್ಲ. ಅತ್ತೆ ಹೊಸ್ತಿಲ ಮೇಲೆ ಕೂತರು. ಊಟಕ್ಕೆ ಕರೆದರೆ ಬರಲಿಲ್ಲ. ಸುಧಾಕರ್ ವಾಪಸ್ ಬರುವ ಎಂದಿನ ಹೊತ್ತು ಮೀರಿತು. ವೆಂಕಟರತ್ನಮ್ಮ ಬಂದು ಕಿವಿ ನೋಡಿ, ಚಿನ್ನದ ತಂತಿ ಚೆನ್ನಾಗೈತೆ ಅಂತ ಹೇಳಿ ಹೋದಳು. ಹಸು ಕೂಗಿತು. ನಾನೇ ಹಾಲು ಕರೆದೆ.

ಹೊತ್ತು ಮುಳುಗುವ ಹೊತ್ತಿಗೆ ಗಾಡಿಯ ಸದ್ದು ಕೇಳಿಸಿತು. ಸುಧಾಕರ್ ಇಳಿದರು. ಸೈನೈಡ್ ದಿಬ್ಬದ ತಿರುವಿನಲ್ಲಿ, ಆ ಗುಂಡಿಗಳ ಹತ್ತಿರ, ಇಂಜಿನ್ ನಿಂತುಹೋಗಿತ್ತು ಅಂದರು. ಸುಮ್ಮನೆ ಕೂತಿದ್ದೆ, ಆಮೇಲೆ ತಾನೇ ಸ್ಟಾರ್ಟ್ ಆಯ್ತು ಅಂದರು. ಅವರ ಮೈಮೇಲೆ ಒಂದು ಗೀರಿರಲಿಲ್ಲ.

ಗಾಡಿಯ ಹಿಂಬಾಗಿಲು ಧೂಳು ಹಿಡಿದಿತ್ತು. ಆ ಧೂಳಿನ ಮೇಲೆ ಹೊರಗಿನಿಂದ ತಳ್ಳಿದ ಹಾಗೆ ಒಂದು ಕೈಯ ಗುರುತಿತ್ತು. ಅತ್ತೆ ಎದ್ದು ಹೋಗಿ ಸೆರಗಿನಿಂದ ಅದನ್ನು ಒರೆಸಿದರು. ಎಷ್ಟು ಬೆರಳೆಂದು ಅವರು ಎಣಿಸಲಿಲ್ಲ, ನಾನೂ ಎಣಿಸಲಿಲ್ಲ.

ಅತ್ತೆ ಕೊಟ್ಟ ಮಾತು ನಡೆಯಲಿಲ್ಲ.